ಗಡಿ ಶಿಬಿರದ ಸೈನಿಕರು ಮತ್ತು ಪಿಂಚಣಿಯ ಕಡತ

1947ರ ಆಗಸ್ಟ್‌ನಿಂದ 1948ರ ಸೆಪ್ಟೆಂಬರ್‌ವರೆಗಿನ ಹದಿಮೂರು ತಿಂಗಳ ಕಾಲ ಸೊಲ್ಲಾಪುರ ಜಿಲ್ಲೆಯ ಮತ್ತು ಅದಕ್ಕೆ ತಗುಲಿದ ಅಕ್ಕಲಕೋಟೆ ಸಂಸ್ಥಾನದ ಮೂಡಣ ಅಂಚು, ಯಾರೂ ಯುದ್ಧವೆಂದು ಸಾರದ ಒಂದು ಯುದ್ಧದ ಮುಂಚೂಣಿಯಾಗಿತ್ತು. ಭಾರತದ ಒಕ್ಕೂಟವನ್ನು ಸೇರಲು ಒಪ್ಪದ ಹೈದರಾಬಾದಿನ ನಿಜಾಮನ ಆಳ್ವಿಕೆಯನ್ನು ಎದುರಿಸುವುದಕ್ಕಾಗಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನವರು ಈ ಅಂಚಿನ ಊರುಗಳಲ್ಲಿ ತೆರೆದ ನೆಲೆಗಳಿಗೆ ಗಡಿ ಶಿಬಿರಗಳೆಂದು ಹೆಸರು. ಜನರ ಮಾತಿನಲ್ಲಿ ಅವು ಬರಿಯ ಕ್ಯಾಂಪುಗಳು. ಅಲ್ಲಿ ಸೇರಿದ ಯುವಕರು ಯಾವ ಸರ್ಕಾರದ ಸೈನ್ಯಕ್ಕೂ ಸೇರಿದವರಾಗಿರಲಿಲ್ಲ. ಅವರಿಗೆ ಸಂಬಳವಿರಲಿಲ್ಲ, ದಳದ ಸಂಖ್ಯೆಯಿರಲಿಲ್ಲ, ಬಿಡುಗಡೆಯ ದಿನ ಕೈಗೆ ಕೊಡುವ ಪತ್ರವೂ ಇರಲಿಲ್ಲ. ಮುಂದೆ ಸ್ವತಂತ್ರ ಭಾರತದ ಸರ್ಕಾರ ಸ್ವಾತಂತ್ರ್ಯ ಸೈನಿಕರಿಗೆ ಪಿಂಚಣಿ ಕೊಡಲು ಮುಂದಾದಾಗ ಈ ಇಲ್ಲಗಳೆಲ್ಲ ಒಟ್ಟಾಗಿ ಅವರ ಎದುರು ನಿಂತವು. ಪಿಂಚಣಿಯ ನಿಯಮಗಳು ತ್ಯಾಗವನ್ನು ಮುಖ್ಯವಾಗಿ ಸೆರೆಮನೆಯ ದಿನಗಳಿಂದ ಅಳೆದವು. ಗಡಿ ಶಿಬಿರದವನ ಜಾಣ್ಮೆಯಾದರೋ ಸೆರೆ ಸಿಗದೆ ಉಳಿಯುವುದರಲ್ಲಿತ್ತು. ಸೇವೆಯ ಸ್ವರೂಪಕ್ಕೂ ಅದನ್ನು ಅಳೆಯುವ ಕೋಲಿಗೂ ನಡುವೆ ಬಿದ್ದ ಈ ಅಂತರವೇ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ವಿಮೋಚನಾ ಹೋರಾಟಗಾರರ ನಂತರದ ಅರ್ಧ ಶತಮಾನದ ಕಥೆಯನ್ನು ರೂಪಿಸಿತು.

ಈ ಹೋರಾಟ ಇಲ್ಲಿಯೇ ನೆಲೆ ಕಂಡುದಕ್ಕೆ ಭೂಗೋಳವೇ ಮೊದಲ ಕಾರಣ. ಅಕ್ಕಲಕೋಟೆಯು ಭೋಸಲೆ ಮನೆತನದ ಆಳ್ವಿಕೆಯಲ್ಲಿದ್ದ, ಸುಮಾರು 498 ಚದರ ಮೈಲಿಯ ಸಣ್ಣ ಮರಾಠಾ ಸಂಸ್ಥಾನ. ಅರಸರ ಮನೆಯ ಮಾತು ಮರಾಠಿಯಾದರೂ ಪ್ರಜೆಗಳಲ್ಲಿ ಕನ್ನಡ ಮಾತಾಡುವವರು ಬಹಳ. ಅದರ ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಸೊಲ್ಲಾಪುರ ಜಿಲ್ಲೆ, ದಕ್ಷಿಣಕ್ಕೆ ಭೀಮಾ ನದಿಯಾಚೆ ವಿಜಯಪುರ ಜಿಲ್ಲೆಯ ಇಂಡಿ ಸೀಮೆ, ಪೂರ್ವಕ್ಕೆ ನಿಜಾಮನ ಕಲಬುರಗಿ ಜಿಲ್ಲೆಯ ಆಳಂದ ಮತ್ತು ಅಫಜಲಪುರ, ಉತ್ತರಕ್ಕೆ ಈಗ ಧಾರಾಶಿವವೆಂದು ಕರೆಯಲಾಗುವ ಉಸ್ಮಾನಾಬಾದ್ ಜಿಲ್ಲೆಯ ನಳದುರ್ಗ ಸೀಮೆ. ನಳದುರ್ಗದ ಕೋಟೆಯ ಬುಡದಲ್ಲಿ ಹರಿಯುವ ಬೋರಿ ನದಿ ಅಕ್ಕಲಕೋಟೆಯ ಊರುಗಳನ್ನು ಹಾಯ್ದು ಭೀಮೆಯನ್ನು ಸೇರುತ್ತದೆ. ಆದ್ದರಿಂದ ಒಂದೇ ಹೊಳೆಯ ಮೇಲಣ ನೀರು ನಿಜಾಮನ ನಾಡಿನದು, ಕೆಳಗಣ ನೀರು ಭೋಸಲೆಯವರದು. ಮುಂಬಯಿಯಿಂದ ಮದ್ರಾಸಿಗೆ ಹೋಗುವ ರೈಲು ಹಾದಿ ಸೊಲ್ಲಾಪುರದಿಂದ ಅಕ್ಕಲಕೋಟೆ ರೋಡ್, ದುಧನಿ ನಿಲ್ದಾಣಗಳನ್ನು ದಾಟಿ ಗಾಣಗಾಪುರ ರೋಡಿನ ಹೊತ್ತಿಗೆ ನಿಜಾಮನ ಸೀಮೆಯೊಳಗೆ ಇರುತ್ತಿತ್ತು. ಗಡಿಯ ಎರಡೂ ಕಡೆ ಬೀಗತನ, ಸಂತೆ, ಜಾತ್ರೆ, ಸಾಲ ಎಲ್ಲವೂ ಹೆಣೆದುಕೊಂಡಿದ್ದವು. ಆಳಂದದ ಕಡೆಯಿಂದ ಓಡಿಬಂದವನಿಗೆ ಅಕ್ಕಲಕೋಟೆ ಪರನಾಡಾಗಿರಲಿಲ್ಲ. ಅದು ಸೋದರಮಾವನ ಊರಿದ್ದ ಸೀಮೆ.

ಎರಡನೆಯ ಕಾರಣ ಸೊಲ್ಲಾಪುರದ ರಾಜಕೀಯ ರೂಢಿ. ಗಿರಣಿಗಳ ಈ ಪಟ್ಟಣ 1930ರ ಕಾಯಿದೆ ಭಂಗ ಚಳವಳಿಯಲ್ಲಿ ಬ್ರಿಟಿಷ್ ಆಡಳಿತವನ್ನು ಕೆಲವು ದಿನ ನಡುಗಿಸಿ ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು, ಅನುಭವಿಸಿತ್ತು. ಆ ಪ್ರಕರಣದಲ್ಲಿ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಮತ್ತು ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನಿಜಾಮನ ರಾಜ್ಯದ ವಿರುದ್ಧದ ಹೋರಾಟಕ್ಕೂ ಸೊಲ್ಲಾಪುರ ಹೊಸದಲ್ಲ. 1938ರ ಡಿಸೆಂಬರ್ ಕೊನೆಯಲ್ಲಿ ಲೋಕನಾಯಕ ಮಾಧವ ಶ್ರೀಹರಿ ಅಣೆಯವರ ಅಧ್ಯಕ್ಷತೆಯಲ್ಲಿ ಆರ್ಯ ಸಮಾಜದ ಅಖಿಲ ಭಾರತ ಆರ್ಯ ಸಮ್ಮೇಳನ ಇಲ್ಲಿ ಸೇರಿ, ಹೈದರಾಬಾದಿನಲ್ಲಿ ಧಾರ್ಮಿಕ ಹಕ್ಕುಗಳಿಗಾಗಿ ಸತ್ಯಾಗ್ರಹ ಹೂಡಲು ನಿರ್ಧರಿಸಿತು. ಮುಂದಿನ ವರ್ಷದ ಆರಂಭದಲ್ಲಿ ಮಹಾತ್ಮಾ ನಾರಾಯಣ ಸ್ವಾಮಿಯವರು ಮೊದಲ ಸರ್ವಾಧಿಕಾರಿಯಾಗಿ, ಅಂದರೆ ಸತ್ಯಾಗ್ರಹದ ಪೂರ್ಣ ಹೊಣೆ ಹೊತ್ತ ಮುಂದಾಳಾಗಿ, ಗಡಿ ದಾಟಿ ಕಲಬುರಗಿಯ ಸೆರೆಮನೆ ಸೇರಿದರು. ಉತ್ತರ ಭಾರತದಿಂದ ತಂಡ ತಂಡವಾಗಿ ಬಂದ ಸತ್ಯಾಗ್ರಹಿಗಳು ಸೊಲ್ಲಾಪುರದಲ್ಲಿ ಇಳಿದು ನಿಜಾಮನ ನಾಡಿನತ್ತ ಹೊರಡುತ್ತಿದ್ದರು. 1939ರ ಆಗಸ್ಟ್‌ನಲ್ಲಿ ಸತ್ಯಾಗ್ರಹ ನಿಂತಿತು. ಹೊರಗಿನಿಂದ ಒಳಗೆ ಜನರನ್ನು ಕಳಿಸುವ ಹಾದಿಗಳು, ಅವರನ್ನು ಇಳಿಸಿಕೊಳ್ಳುವ ಮನೆಗಳು, ಹಣ ಕೂಡಿಸುವ ಅಂಗಡಿಗಳು ಇವೆಲ್ಲ ಆಗ ಪರಿಚಿತವಾದವು. ಎಂಟು ವರ್ಷಗಳ ಬಳಿಕ ಅದೇ ಹಾದಿಗಳು ಬೇರೆ ಬಗೆಯ ಹೋರಾಟಕ್ಕೆ ಒದಗಿದವು.

ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾಗಿದ್ದರು. 1938ರಲ್ಲಿ ನಿಷೇಧಕ್ಕೊಳಗಾದ ಆ ಸಂಸ್ಥೆಯ ಮೇಲಿನ ನಿರ್ಬಂಧ 1946ರಲ್ಲಿ ತೆರವಾಗಿತ್ತು. ಭಾರತದ ಒಕ್ಕೂಟವನ್ನು ಸೇರಬೇಕೆಂಬ ಬೇಡಿಕೆಯೊಡನೆ 1947ರ ಆಗಸ್ಟ್ 7ರಂದು ಆರಂಭವಾದ ಸತ್ಯಾಗ್ರಹದಲ್ಲಿ ಜನ ತ್ರಿವರ್ಣ ಧ್ವಜ ಹಾರಿಸಿ ಸೆರೆ ಹೋದರು, ನಿಜಾಮನ ಬೊಕ್ಕಸಕ್ಕೆ ಅಬಕಾರಿ ಹುಟ್ಟುವಳಿ ತರುತ್ತಿದ್ದ ಸಿಂದಿ ಗಿಡಗಳನ್ನು ಕಡಿದರು, ಲೆವಿ ಧಾನ್ಯವನ್ನು, ಎಂದರೆ ಸರ್ಕಾರ ಕಡ್ಡಾಯವಾಗಿ ಎತ್ತುತ್ತಿದ್ದ ಕಾಳನ್ನು, ಕೊಡಲು ನಿರಾಕರಿಸಿದರು. ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು, ಅಂದರೆ ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ಸಶಸ್ತ್ರ ಸ್ವಯಂಸೇವಕ ದಳದವರು, ಹಳ್ಳಿಗಳ ಮೇಲೆ ಬೀಳತೊಡಗಿದ ಮೇಲೆ ಬರಿಯ ಸತ್ಯಾಗ್ರಹದಿಂದ ಕೆಲಸ ಸಾಗದೆಂಬ ಭಾವನೆ ಬಲಿಯಿತು. 1947ರ ನವೆಂಬರ್ 29ರಂದು ಭಾರತ ಮತ್ತು ನಿಜಾಮನ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾದರೂ ಗಡಿಯಲ್ಲಿ ಶಾಂತಿ ನೆಲಸಲಿಲ್ಲ. ಸತ್ಯಾಗ್ರಹದಲ್ಲಿ ಸೆರೆಯಾಗಿ ಬಿಡುಗಡೆಗೊಂಡಿದ್ದ ತೀರ್ಥರು 1948ರ ಜನವರಿ 26ರಂದು ಮತ್ತೆ ಸೆರೆಯಾದರು. ದಿಗಂಬರರಾವ್ ಬಿಂದು ಅವರ ಮುಂದಾಳುತನದ ಸ್ಟೇಟ್ ಕಾಂಗ್ರೆಸ್ಸಿನ ಕ್ರಿಯಾ ಸಮಿತಿ ರಾಜ್ಯದ ಹೊರಗಿನಿಂದಲೇ ಹೋರಾಟವನ್ನು ನಡೆಸಿತು. ಮರಾಠಿ, ಕನ್ನಡ, ತೆಲುಗು ಭಾಗಗಳ ಗಡಿಗುಂಟ ಅದರ ಕಚೇರಿಗಳೂ ಶಿಬಿರಗಳೂ ಹಬ್ಬಿದವು. ಉಸ್ಮಾನಾಬಾದಿನ ನಾಯಕ ಫೂಲಚಂದ ಗಾಂಧಿಯವರಂಥವರು ಸೊಲ್ಲಾಪುರವನ್ನು ನೆಲೆಯಾಗಿಸಿಕೊಂಡರು.

ಕನ್ನಡ ಸೀಮೆಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಯವರ ಮುಂಡರಗಿ ಶಿಬಿರ, ಪುಂಡಲೀಕಪ್ಪ ಜ್ಞಾನಮೋಠೆಯವರ ಗಜೇಂದ್ರಗಡ ಶಿಬಿರ ಹೆಸರಾದವು. ಅವುಗಳ ಉತ್ತರದ ಕೊಂಡಿಗಳಾಗಿ ಅಕ್ಕಲಕೋಟೆ ಸೀಮೆಯ ದುಧನಿ ಮತ್ತು ಆಳಂದದ ಹಾದಿಯ ವಾಗದರಿಯಲ್ಲಿ ಶಿಬಿರಗಳು ನಡೆದವು. ಇನ್ನೂ ಉತ್ತರಕ್ಕೆ ಬಾರ್ಶಿ ತಾಲ್ಲೂಕಿನ ಊರುಗಳಲ್ಲಿ ಮರಾಠವಾಡದವರ ಶಿಬಿರಗಳಿದ್ದವು. ದುಧನಿ ರೈಲು ನಿಲ್ದಾಣವಿದ್ದ ವ್ಯಾಪಾರದ ಊರು. ಸುತ್ತಲ ಕಾಳುಕಡಿ ಅಲ್ಲಿಗೆ ಬರುತ್ತಿದ್ದುದರಿಂದ ಜನ ಬಂದು ಹೋಗುವುದು ಯಾರ ಕಣ್ಣಿಗೂ ಎದ್ದು ಕಾಣುತ್ತಿರಲಿಲ್ಲ. ಶಿಬಿರದವರ ಮುಖ್ಯ ಗುರಿ ಕರೋಡಗಿರಿ ನಾಕೆಗಳು. ನಿಜಾಮನ ರಾಜ್ಯದೊಳಗೆ ಹೋಗುವ, ಹೊರಗೆ ಬರುವ ಸರಕಿನ ಮೇಲೆ ಸುಂಕ ಎತ್ತುವ ಇಲಾಖೆಗೆ ಕರೋಡಗಿರಿ ಎಂದೂ ಅದರ ಗಡಿಕಟ್ಟೆಗಳಿಗೆ ನಾಕೆ ಎಂದೂ ಹೆಸರು. ಇವುಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ, ರಜಾಕಾರರ ತಂಗುದಾಣಗಳ ಮೇಲೆ ರಾತ್ರಿ ಬಿದ್ದು ಹಗಲಾಗುವುದರೊಳಗೆ ಗಡಿಯೀಚೆಗೆ ಮರಳುವುದು ಅವರ ಯುದ್ಧ ಕ್ರಮವಾಗಿತ್ತು. ಚಾವಡಿಯಲ್ಲಿನ ಕಂದಾಯದ ದಫ್ತರಗಳನ್ನು ಸುಡುವುದು, ತಂತಿ ಕಡಿಯುವುದು, ನಿಜಾಮನ ಪಡೆಯ ಚಲನವಲನದ ಸುದ್ದಿ ತರುವುದು, ಒಳಗಿನ ಹಳ್ಳಿಗಳಿಂದ ಓಡಿಬಂದ ಕುಟುಂಬಗಳನ್ನು ಈಚೆಗೆ ದಾಟಿಸುವುದು ಕೂಡ ಅವರ ಕೆಲಸವೇ.

ಇಂಥ ಪಡೆಯಲ್ಲಿ ಬಂದೂಕು ಹಿಡಿದವನಿಗಿಂತ ಹಿಡಿಯದವನ ಸಂಖ್ಯೆಯೇ ಹೆಚ್ಚು. ದಾಳಿಗೆ ಹೋಗುವ ಪ್ರತಿಯೊಬ್ಬನ ಹಿಂದೆ ರೊಟ್ಟಿ ತಟ್ಟಿಕೊಡುವ ಮನೆಗಳು, ಬುತ್ತಿ ಹೊತ್ತು ಹೊಲದ ಹಾದಿ ಹಿಡಿಯುವ ಹುಡುಗರು, ಗಾಯಾಳುವನ್ನು ಚಕ್ಕಡಿಯಲ್ಲಿ ಮರೆಮಾಡಿ ತರುವ ರೈತರು, ಸುದ್ದಿ ಮುಟ್ಟಿಸುವ ಸಂತೆಯ ವ್ಯಾಪಾರಿಗಳು ಇರಬೇಕಾಗುತ್ತಿತ್ತು. ಒಬ್ಬನೇ ಮನುಷ್ಯ ಸುಗ್ಗಿಯಲ್ಲಿ ಹೊಲಕ್ಕೆ ಮರಳಿ, ಕೆಲಸ ಮುಗಿದ ಮೇಲೆ ಮತ್ತೆ ಶಿಬಿರ ಸೇರಬಹುದಾಗಿತ್ತು. ಗುಟ್ಟು ಕಾಯಲು ನಿಜನಾಮವನ್ನು ಬರೆಯದಿರುವುದು, ಬರೆದರೂ ಬಹುಕಾಲ ಇಟ್ಟುಕೊಳ್ಳದಿರುವುದು ವಿವೇಕವೆನಿಸುತ್ತಿತ್ತು, ಏಕೆಂದರೆ ಶತ್ರುವಿನ ಕೈಗೆ ಸಿಕ್ಕ ಒಂದು ಹೆಸರಿನ ಪಟ್ಟಿ ಗಡಿಯಾಚೆಗಿನ ಹತ್ತಾರು ಮನೆಗಳ ಸುಡುಗಾಡಾಗಬಹುದಿತ್ತು. ಕಾಗದವಿಲ್ಲದಿರುವುದು ಆ ದಿನಗಳಲ್ಲಿ ರಕ್ಷಣೆಯಾಗಿತ್ತು. ಮುಂದೆ ಅದೇ ಕೊರತೆಯೆನಿಸಿಕೊಂಡಿತು.

1948ರ ಬೇಸಿಗೆಯ ಹೊತ್ತಿಗೆ ಗಡಿ ಕುದಿಯತೊಡಗಿತು. ಮಾರ್ಚ್ 8ರಂದು ದಖನ್ನಿನ ಇತರ ಸಂಸ್ಥಾನಗಳೊಡನೆ ಅಕ್ಕಲಕೋಟೆಯೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಸೊಲ್ಲಾಪುರದ ಆಡಳಿತದೊಳಕ್ಕೆ ಬಂದದ್ದರಿಂದ ಶಿಬಿರಗಳ ನೆಲ ನೇರವಾಗಿ ಪ್ರಾಂತ ಸರ್ಕಾರದ ಕೈಕೆಳಗಾಯಿತು. ಮೇ 22ರಂದು ದುಧನಿಯಿಂದ ದೂರವಲ್ಲದ ಗಾಣಗಾಪುರ ನಿಲ್ದಾಣದಲ್ಲಿ ಮದ್ರಾಸಿನಿಂದ ಮುಂಬಯಿಗೆ ಹೊರಟ ರೈಲಿನ ಮೇಲೆ ರಜಾಕಾರರು ನಡೆಸಿದ ದಾಳಿ ದೇಶದಾದ್ಯಂತ ಸುದ್ದಿಯಾಗಿ, ಹೈದರಾಬಾದಿನ ಒಳಗಿನ ಅರಾಜಕತೆಗೆ ಭಾರತ ಸರ್ಕಾರ ಎತ್ತಿ ತೋರಿದ ನಿದರ್ಶನಗಳಲ್ಲಿ ಒಂದಾಯಿತು. ಕೊನೆಗೆ ಸೆಪ್ಟೆಂಬರ್ 13ರ ನಸುಕಿನಲ್ಲಿ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ನೇತೃತ್ವದ ಮುಖ್ಯ ಸೇನೆ ಸೊಲ್ಲಾಪುರದಿಂದಲೇ ಹೊರಟು, ನಳದುರ್ಗದಲ್ಲಿ ಬೋರಿ ನದಿಯ ಸೇತುವೆಯನ್ನು ಮೊದಲು ಕೈವಶ ಮಾಡಿಕೊಂಡು, ಉಮರಗಾ ದಾರಿಯಲ್ಲಿ ಹೈದರಾಬಾದಿನತ್ತ ಸಾಗಿತು. ಸೆಪ್ಟೆಂಬರ್ 17ರಂದು ನಿಜಾಮ ಕದನ ನಿಲ್ಲಿಸಿದ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಶರಣಾದ. ಜನ ಇಂದಿಗೂ ಪೊಲೀಸ್ ಆ್ಯಕ್ಷನ್ ಎಂದು ಕರೆಯುವ ಈ ಕಾರ್ಯಾಚರಣೆ ಮುಗಿದೊಡನೆ ಶಿಬಿರಗಳಿಗೆ ಕೆಲಸವಿಲ್ಲವಾಗಿ, ಅಲ್ಲಿದ್ದವರು ತಮ್ಮ ತಮ್ಮ ಊರುಗಳಿಗೆ ಚದುರಿದರು.

ಅದೇ ರಸ್ತೆಯಲ್ಲಿ ನಡೆದ ಎರಡು ಬಗೆಯ ಸೈನಿಕರ ಮುಂದಿನ ಗತಿಯನ್ನು ಹೋಲಿಸಿದರೆ ವಿಷಯ ತಿಳಿಯಾಗುತ್ತದೆ. ಚೌಧುರಿಯವರ ದಳದ ಸಿಪಾಯಿ ಸೇರಿದ ದಿನ, ಅವನ ವಯಸ್ಸು, ಊರು, ಪಡೆದ ಗಾಯ, ಬಿಟ್ಟ ದಿನ ಎಲ್ಲವೂ ಅವನ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿ ಬರೆಯಲ್ಪಟ್ಟಿದ್ದವು. ಪಿಂಚಣಿ ಅವನಿಗೆ ಲೆಕ್ಕದ ವಿಷಯ. ಅವನು ಬರುವುದಕ್ಕೆ ಮೊದಲು ಒಂದು ವರ್ಷ ಅದೇ ಗಡಿಯಲ್ಲಿ ಕಾದ ಶಿಬಿರದವನಿಗೆ ಸಾಕ್ಷಿ ಎಂದರೆ ಜೊತೆಗಿದ್ದವರ ನೆನಪು ಮಾತ್ರ. ಅದರ ಮೇಲೆ ಗಡಿಯೇ ಬದಲಾಯಿತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ರಾಜ್ಯ ಮೂರು ಹೋಳಾಗಿ ಆಳಂದ, ಅಫಜಲಪುರ ಮೈಸೂರು ರಾಜ್ಯಕ್ಕೂ ನಳದುರ್ಗದ ಸೀಮೆ ಮುಂಬಯಿ ರಾಜ್ಯಕ್ಕೂ ಸೇರಿದವು. ಅಕ್ಕಲಕೋಟೆ ಮುಂಬಯಿಯಲ್ಲಿಯೇ ಉಳಿದು 1960ರ ಮೇ 1ರಿಂದ ಮಹಾರಾಷ್ಟ್ರಕ್ಕೆ ಸೇರಿತು. ಅದನ್ನು ಮೈಸೂರಿಗೆ ಕೊಡಬೇಕೆಂಬ 1967ರ ಮಹಾಜನ ಆಯೋಗದ ಶಿಫಾರಸು ಜಾರಿಗೆ ಬರಲಿಲ್ಲ. ಹೀಗಾಗಿ ಆಳಂದದ ಕಡೆಯ ಒಬ್ಬ ಹೋರಾಟಗಾರನ ಊರು ಕರ್ನಾಟಕದಲ್ಲಿ, ಅವನು ಇದ್ದ ಶಿಬಿರ ಮಹಾರಾಷ್ಟ್ರದಲ್ಲಿ, ಅವನ ವಿರುದ್ಧ ಬರೆದ ಪೊಲೀಸ್ ಕಾಗದವೇನಾದರೂ ಉಳಿದಿದ್ದರೆ ಅದು ಆಗ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ ಎಂಬ ಸ್ಥಿತಿ ಉಂಟಾಯಿತು.

ಸ್ವಾತಂತ್ರ್ಯದ ರಜತ ಮಹೋತ್ಸವವಾದ 1972ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆಯನ್ನು ಆರಂಭಿಸಿತು. ಅದೇ ಸಂದರ್ಭದಲ್ಲಿ ಹೋರಾಟಗಾರರಿಗೆ ತಾಮ್ರಪತ್ರಗಳನ್ನೂ ನೀಡಲಾಯಿತು. ಆರಂಭದಲ್ಲಿ ವರ್ಷಕ್ಕೆ 5,000 ರೂಪಾಯಿ ಮೀರದ ಆದಾಯವುಳ್ಳವರಿಗೆ ಮಾತ್ರ ತಿಂಗಳಿಗೆ 200 ರೂಪಾಯಿಯಂತೆ ಸಿಗುತ್ತಿದ್ದ ಈ ನೆರವು, 1980ರ ಆಗಸ್ಟ್ 1ರಿಂದ ಆದಾಯದ ಮಿತಿಯನ್ನು ಕಳಚಿಕೊಂಡು, ಸ್ವತಂತ್ರತಾ ಸೈನಿಕ ಸಮ್ಮಾನ ಪಿಂಚಣಿ ಎಂಬ ಹೆಸರಿನಲ್ಲಿ 300 ರೂಪಾಯಿಯಾಯಿತು. ಹೆಸರಿನ ಬದಲಾವಣೆಯಲ್ಲಿ ನೀತಿಯ ಬದಲಾವಣೆಯೂ ಇತ್ತು: ಮೊದಲನೆಯದು ಬಡತನಕ್ಕೆ ನೆರವು, ಎರಡನೆಯದು ದೇಶ ಸಲ್ಲಿಸುವ ಗೌರವ. ಅರ್ಹತೆಯ ಮುಖ್ಯ ಅಳತೆ ಕನಿಷ್ಠ ಆರು ತಿಂಗಳ ಸೆರೆವಾಸ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅದು ಮೂರು ತಿಂಗಳು. ಆರು ತಿಂಗಳಿಗಿಂತ ಹೆಚ್ಚು ಕಾಲ ಭೂಗತನಾಗಿದ್ದವನಿಗೂ ಪಿಂಚಣಿ ದೊರೆಯಬಹುದಾಗಿತ್ತು, ಆದರೆ ಅವನು ತಲೆಮರೆಸಿಕೊಂಡ ಅಪರಾಧಿಯೆಂದು ಘೋಷಿತನಾಗಿರಬೇಕು, ಇಲ್ಲವೆ ಅವನ ತಲೆಗೆ ಬಹುಮಾನ ಸಾರಿರಬೇಕು, ಇಲ್ಲವೆ ಅವನ ಬಂಧನದ ಆಜ್ಞೆ ಹೊರಟು ಜಾರಿಯಾಗದೆ ಉಳಿದಿರಬೇಕು. ಆಸ್ತಿ ಮುಟ್ಟುಗೋಲು, ಗುಂಡು ಅಥವಾ ಲಾಠಿ ಏಟಿನಿಂದಾದ ಶಾಶ್ವತ ಊನ, ಕೆಲಸ ಕಳೆದುಕೊಂಡದ್ದು ಮುಂತಾದವೂ ಗಣನೆಗೆ ಬರುತ್ತಿದ್ದವು. ಅರ್ಜಿ ಸಲ್ಲಿಸಲು 1982ರ ಮಾರ್ಚ್ 31 ಕಡೆಯ ದಿನವೆಂದು ಗೊತ್ತುಮಾಡಲಾಯಿತು.

ಈ ನಿಯಮಗಳ ಹಿಂದಿದ್ದ ಚಿತ್ರ ಬ್ರಿಟಿಷರ ಸೆರೆಮನೆಯ ಸತ್ಯಾಗ್ರಹಿಯದು. ಗಡಿ ಶಿಬಿರದವನು ಎರಡು ಕಡೆ ಆ ಚಿತ್ರದಿಂದ ಹೊರಗುಳಿದ. ಅವನು ಹೋರಾಡಿದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ, ಅದೂ ಒಬ್ಬ ದೇಶೀಯ ಅರಸನ ವಿರುದ್ಧ. ಮತ್ತು ಅವನು ಬಹುಮಟ್ಟಿಗೆ ಸೆರೆಮನೆ ಕಾಣಲಿಲ್ಲ. 1939ರ ಆರ್ಯ ಸಮಾಜದ ಸತ್ಯಾಗ್ರಹಿಗಳಿಗೂ ಬೇರೊಂದು ಬಗೆಯ ತೊಡಕಿತ್ತು: ಸತ್ಯಾಗ್ರಹವೇ ಏಳೆಂಟು ತಿಂಗಳಲ್ಲಿ ಮುಗಿದುದರಿಂದ, ತಡವಾಗಿ ಸೆರೆಯಾದವರು ಒಳಗೆ ಕಳೆದ ದಿನಗಳು ಆರು ತಿಂಗಳಿಗೆ ಸಾಲುತ್ತಿರಲಿಲ್ಲ. ಹೈದರಾಬಾದಿನ ಹೋರಾಟವನ್ನು ರಾಷ್ಟ್ರೀಯ ಹೋರಾಟದ ಭಾಗವಾಗಿ ಪರಿಗಣಿಸಬೇಕೆಂಬ ಒತ್ತಾಯದ ಫಲವಾಗಿ ಮುಂದೆ ಕೇಂದ್ರ ಸರ್ಕಾರ ನಿಯಮಗಳನ್ನು ಸಡಿಲಿಸಿ, ಗುರುತಿಸಲಾದ ಗಡಿ ಶಿಬಿರಗಳಲ್ಲಿ ಇದ್ದುದನ್ನು ಪಿಂಚಣಿಗೆ ಆಧಾರವೆಂದು ಒಪ್ಪಿ, ಹಕ್ಕುದಾರರನ್ನು ಶೋಧಿಸಲು ವಿಶೇಷ ಸಮಿತಿಗಳನ್ನು ನೇಮಿಸಿತು. ಆದರೆ ಶಿಬಿರವನ್ನು ಮಾನ್ಯ ಮಾಡುವುದು ಒಂದು ಕೆಲಸ, ಆ ಶಿಬಿರದಲ್ಲಿ ಇಂಥವನು ಇದ್ದನೆಂದು ತೋರಿಸುವುದು ಇನ್ನೊಂದು. ಎರಡನೆಯದು ಅರ್ಜಿದಾರನ ಹೆಗಲಿಗೇ ಉಳಿಯಿತು.

ಸಾಕ್ಷ್ಯದ ತೊಡಕು ಮೊದಲು ದಾಖಲೆಯ ಭಾಷೆಯಲ್ಲಿಯೇ ಆರಂಭವಾಗುತ್ತಿತ್ತು. ನಿಜಾಮನ ಆಡಳಿತದ ಕಾಗದಗಳು ಉರ್ದುವಿನಲ್ಲಿದ್ದವು. ಅವುಗಳ ಕಾಲಗಣನೆ ಫಸಲಿ, ಅಂದರೆ ಕಂದಾಯದ ಅನುಕೂಲಕ್ಕಾಗಿ ಬೆಳೆಯ ಋತುವಿಗೆ ಹೊಂದಿಸಿ ಎಣಿಸುವ ವರ್ಷ. ಹೋರಾಟದ ಮುಖ್ಯ ಕಾಲ ಆ ಕಾಗದಗಳಲ್ಲಿ 1947ರ ಅಕ್ಟೋಬರ್ ಆದಿಯಲ್ಲಿ ಶುರುವಾದ 1357 ಫಸಲಿ ವರ್ಷ. ತಿಂಗಳುಗಳ ಹೆಸರು ಆಜೂರ್, ದೈ, ಬಹಮನ್ ಎಂಬಂತೆ. ಕನ್ನಡದಲ್ಲಿ ನೆನಪಿಟ್ಟುಕೊಂಡವನು ದಿನಗಳನ್ನು ಹಬ್ಬದಿಂದ, ಮಳೆಯ ನಕ್ಷತ್ರದಿಂದ, ಜಾತ್ರೆಯಿಂದ ಹೇಳುತ್ತಿದ್ದ. ಅರ್ಜಿಯ ನಮೂನೆ ಇಸವಿ, ತಿಂಗಳು, ತಾರೀಖು ಕೇಳುತ್ತಿತ್ತು. ದಾಖಲೆ ಇದ್ದರೆ ಫಸಲಿಯಲ್ಲಿರುತ್ತಿತ್ತು. ಮೂರನ್ನೂ ಒಂದೇ ಸಾಲಿಗೆ ತರುವಾಗ ಆಗುವ ಹೆಚ್ಚುಕಡಿಮೆ ಅಧಿಕಾರಿಯ ಕಣ್ಣಿಗೆ ಸುಳ್ಳಿನಂತೆ ಕಾಣಬಹುದಿತ್ತು. ವಯಸ್ಸಿನದೂ ಇದೇ ಪಾಡು: ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಿಂದ ಬರೆದ ಹುಟ್ಟಿದ ದಿನವನ್ನು ನಂಬಿದರೆ ಕೆಲವರು ಹೋರಾಟದ ಕಾಲದಲ್ಲಿ ಮಕ್ಕಳೇ ಆಗಿಬಿಡುತ್ತಿದ್ದರು. ದಾಖಲೆ ಸಿಗದಿದ್ದಲ್ಲಿ, ಅದು ಲಭ್ಯವಿಲ್ಲವೆಂದು ರಾಜ್ಯ ಸರ್ಕಾರವೇ ಬರೆದುಕೊಡಬೇಕಾಗಿತ್ತು. ಆ ಬಳಿಕವಷ್ಟೇ ಬೇರೆ ಹೋರಾಟಗಾರರ ಪ್ರಮಾಣಪತ್ರಕ್ಕೆ ಬೆಲೆ ಬರುತ್ತಿತ್ತು.

ಕೇಂದ್ರದ ಪಿಂಚಣಿಯ ಜೊತೆಗೆ ಮಹಾರಾಷ್ಟ್ರ ಸರ್ಕಾರ ತನ್ನದೇ ಆದ ಸನ್ಮಾನ ಪಿಂಚಣಿಯನ್ನು ನಡೆಸಿತು, ಕರ್ನಾಟಕದಲ್ಲಿ 1969ರ ಸ್ವಾತಂತ್ರ್ಯ ಹೋರಾಟಗಾರರ ಕಲ್ಯಾಣ ನಿಯಮಗಳಿದ್ದವು. ಮಹಾರಾಷ್ಟ್ರದಲ್ಲಿ ಅರ್ಜಿಗಳು ಜಿಲ್ಲಾ ಗೌರವ ಸಮಿತಿಯ ಮುಂದೆ, ಆಮೇಲೆ ರಾಜ್ಯ ಮಟ್ಟದ ಉಚ್ಚಾಧಿಕಾರ ಸಮಿತಿಯ ಮುಂದೆ ಬರುತ್ತಿದ್ದವು. 1995ರ ಜುಲೈ 4ರ ಸರ್ಕಾರಿ ನಿರ್ಣಯ ಭೂಗತ ಹೋರಾಟಗಾರರಿಂದ ಬೇಕಾದ ಪುರಾವೆಗಳನ್ನು ಕ್ರಮಗೊಳಿಸಿತು. ಅದರ ಪ್ರಕಾರ ಅರ್ಜಿದಾರನ ಪ್ರಮಾಣಪತ್ರದ ಜೊತೆಗೆ, ಸ್ವತಃ ಕನಿಷ್ಠ ಎರಡು ವರ್ಷ ಸೆರೆಯಲ್ಲಿದ್ದ ಅಥವಾ ತಲೆಮರೆಸಿಕೊಂಡವರೆಂದು ಘೋಷಿತರಾಗಿದ್ದ ಇಬ್ಬರು ಹೋರಾಟಗಾರರ ಸಾಕ್ಷ್ಯ ಬೇಕಾಗಿತ್ತು. ಹೈದರಾಬಾದಿನ ಕೊನೆಯ ಹೋರಾಟ ನಡೆದದ್ದೇ ಹದಿಮೂರು ತಿಂಗಳಾದುದರಿಂದ ಆ ಹೋರಾಟವೊಂದರಲ್ಲಿಯೇ ಎರಡು ವರ್ಷದ ಸೆರೆ ಕಂಡ ಸಾಕ್ಷಿ ಸಿಗುವಂತಿರಲಿಲ್ಲ. ಅಂಥವನು 1938-39ರ ಸತ್ಯಾಗ್ರಹಗಳಲ್ಲೋ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲೋ ಮೊದಲೇ ಸೆರೆ ಅನುಭವಿಸಿದ ಹಿರಿಯನಾಗಿರಬೇಕಾಗಿತ್ತು. 1995ರ ಹೊತ್ತಿಗೆ ಅಂಥ ಹಿರಿಯರಲ್ಲಿ ಬಹುಮಂದಿ ತೀರಿಹೋಗಿದ್ದರು. ಬದುಕಿದ್ದ ಕೆಲವರ ಸಹಿಗೆ ಇದರಿಂದ ಅಸಾಧಾರಣ ಬೆಲೆ ಬಂತು. ಆ ಬೆಲೆಯೇ ಮುಂದಿನ ಕೇಡುಗಳಿಗೂ ಬೀಜವಾಯಿತು.

ತಿರಸ್ಕೃತ ಅರ್ಜಿಗಳು ನ್ಯಾಯಾಲಯ ಮುಟ್ಟಿದಾಗ ಕಾನೂನು ಎರಡು ದಿಕ್ಕಿನಲ್ಲಿ ಬೆಳೆಯಿತು. 1993ರ ಮುಕುಂದಲಾಲ್ ಭಂಡಾರಿ ಪ್ರಕರಣ ಹೈದರಾಬಾದಿನ ಆರ್ಯ ಸಮಾಜ ಚಳವಳಿಯಲ್ಲಿ ಪಾಲ್ಗೊಂಡವರದು. ಯೋಜನೆಯ ಉದ್ದೇಶ ಗೌರವ ಸಲ್ಲಿಸುವುದಾದ್ದರಿಂದ ಅರ್ಜಿ ತಡವಾಗಿ ಬಂತೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬಾರದೆಂದೂ, ಪುರಾವೆ ಯಾವಾಗಲೇ ಒದಗಿರಲಿ, ಅರ್ಜಿ ತಲುಪಿದ ದಿನದಿಂದ ಪಿಂಚಣಿ ಸಲ್ಲಬೇಕೆಂದೂ ಸುಪ್ರೀಂ ಕೋರ್ಟ್ ಹೇಳಿತು. 2001ರ ಗುರುದಯಾಲ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಇಂಥ ಅರ್ಜಿಗಳಲ್ಲಿ ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತ ಪುರಾವೆ ಕೇಳುವುದು ತಪ್ಪು, ಸಂಭವನೀಯತೆಯ ತೂಕ ಯಾವ ಕಡೆಗಿದೆ ಎಂಬುದಷ್ಟೇ ಸಾಕು ಎಂಬ ನಿಲುವು ತಳೆಯಿತು. ಅರ್ಧ ಶತಮಾನದ ಹಿಂದಿನ ಗುಪ್ತ ಸೇವೆಗೆ ನಿನ್ನೆಯ ವ್ಯವಹಾರಕ್ಕೆ ಕೇಳುವಂಥ ಕಾಗದ ಕೇಳಲಾಗದೆಂಬ ವಿವೇಕ ಈ ತೀರ್ಪುಗಳಲ್ಲಿತ್ತು, ಮತ್ತು ಗಡಿಯ ಅರ್ಜಿದಾರರಿಗೆ ಅವು ಹೊಸ ಬಾಗಿಲು ತೆರೆದವು.

ಆ ಬಾಗಿಲಿನಲ್ಲಿ ಹೋರಾಟವನ್ನು ಕಂಡರಿಯದವರೂ ನುಗ್ಗಿದರು. ಸಾಕ್ಷ್ಯವೆಂದರೆ ಸಹಿ ಎಂದಾದಾಗ ಸಹಿಯ ವ್ಯಾಪಾರ ಹುಟ್ಟುವುದು ಅಚ್ಚರಿಯಲ್ಲ. ಮರಾಠವಾಡದ ಬೀಡ ಜಿಲ್ಲೆಯಲ್ಲಿ ಸುಳ್ಳು ಹೋರಾಟಗಾರರ ಪಿಂಚಣಿಗಳ ಬಗ್ಗೆ ಎದ್ದ ದೂರುಗಳನ್ನು ನಿವೃತ್ತ ನ್ಯಾಯಮೂರ್ತಿಯೊಬ್ಬರ ಆಯೋಗ ಶೋಧಿಸಿತು, 2005ರಲ್ಲಿ ಆ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಿಜವಾದ ಹೋರಾಟಗಾರರಿಗೆ ಗೌರವ ಸಲ್ಲಬೇಕಾದಷ್ಟೇ ಖಚಿತವಾಗಿ ವಂಚಕರನ್ನು ಹೊರಗಿಡಬೇಕೆಂಬ ದನಿ ಆ ಕಾಲದ ತೀರ್ಪುಗಳಲ್ಲಿ ಬಲವಾಯಿತು. ಪರಿಣಾಮ ಎರಡು ಅಂಚಿನದು. ಸುಳ್ಳುಗಾರರ ಭಯದಿಂದ ಅಧಿಕಾರಿಗಳು ಪ್ರತಿಯೊಂದು ಅರ್ಜಿಯನ್ನೂ ಅನುಮಾನದಿಂದ ನೋಡತೊಡಗಿದರು, ಮತ್ತು ಆ ಅನುಮಾನದ ಭಾರ ಹೆಚ್ಚಾಗಿ ಬಿದ್ದದ್ದು ಚೆನ್ನಾಗಿ ಹೆಣೆದ ಕಾಗದವಿಲ್ಲದ ನಿಜವಾದ ಹಳ್ಳಿಗರ ಮೇಲೆ. ಸುಳ್ಳುಗಾರನ ಕಡತಕ್ಕೆ ಕಾಗದದ ಕೊರತೆ ಇರುತ್ತಿರಲಿಲ್ಲ.

ಪಿಂಚಣಿಯ ನಮೂನೆಯಲ್ಲಿ ಜಾಗವೇ ಇಲ್ಲದವರ ಲೆಕ್ಕ ಬೇರೆ. ಹೋರಾಟಗಾರನ ವಿಧವೆಗೆ ಕುಟುಂಬ ಪಿಂಚಣಿ ಸಲ್ಲುತ್ತಿತ್ತು, ಆದರೆ ಶಿಬಿರಕ್ಕೆ ರೊಟ್ಟಿ ಬಡಿದ, ಬಂದೂಕನ್ನು ಕಣಜದಲ್ಲಿ ಹುಗಿದಿಟ್ಟ ಹೆಂಗಸು ತನ್ನ ಹೆಸರಿನಲ್ಲಿ ಹೋರಾಟಗಾರಳಾಗುವುದು ಕಷ್ಟವಿತ್ತು. ಗಡಿಯ ಯುದ್ಧದ ಇನ್ನೊಂದು ಮುಖಕ್ಕೂ ಆ ನಮೂನೆಯಲ್ಲಿ ಜಾಗವಿರಲಿಲ್ಲ. ಕಾರ್ಯಾಚರಣೆಯ ಬೆನ್ನಿಗೆ ಸಾಮಾನ್ಯ ಮುಸ್ಲಿಂ ಜನರ ಮೇಲೆ ನಡೆದ ಹಿಂಸೆಯನ್ನು ಪರಿಶೀಲಿಸಲು ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಹೆಚ್ಚು ನೊಂದ ಜಿಲ್ಲೆಗಳೆಂದು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡಗಳನ್ನು ಹೆಸರಿಸಿತು. ಇವುಗಳಲ್ಲಿ ಮೊದಲೆರಡು ಅಕ್ಕಲಕೋಟೆಗೆ ಅಂಟಿಕೊಂಡ ಜಿಲ್ಲೆಗಳು. ಆ ವರದಿ ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ರಜಾಕಾರರ ಹಾವಳಿಗೆ ಮನೆ ಕಳೆದುಕೊಂಡವರ ಮತ್ತು ಅನಂತರದ ಸೇಡಿಗೆ ಬಲಿಯಾದವರ ನೆನಪುಗಳನ್ನು ಒಟ್ಟಿಗೆ ಇಟ್ಟು ಓದದೆ ಈ ಗಡಿಯ ಇತಿಹಾಸ ಪೂರ್ಣವಾಗದು.

ಸ್ಮರಣೆಯ ಹಂಚಿಕೆಯಲ್ಲಿಯೂ ಸೊಲ್ಲಾಪುರ, ಅಕ್ಕಲಕೋಟೆಗಳು ನಡುವೆ ಬಿದ್ದಿವೆ. ಸೆಪ್ಟೆಂಬರ್ 17ನ್ನು ಮಹಾರಾಷ್ಟ್ರ ಮರಾಠವಾಡ ಮುಕ್ತಿ ಸಂಗ್ರಾಮ ದಿನವಾಗಿಯೂ ಕರ್ನಾಟಕ ಕಲ್ಯಾಣ ಕರ್ನಾಟಕದ ವಿಮೋಚನೆಯ ದಿನವಾಗಿಯೂ ಆಚರಿಸುತ್ತವೆ. ನಿಜಾಮನ ನೆಲವಾಗಿರದ ಸೊಲ್ಲಾಪುರ ಜಿಲ್ಲೆ ಆ ಎರಡು ಪ್ರದೇಶಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಹೋರಾಟಕ್ಕೆ ನೆಲೆ, ಅನ್ನ, ಆಶ್ರಯ ಕೊಟ್ಟ ಊರುಗಳು ಅದರ ಅಧಿಕೃತ ನೆನಪಿನ ಹೊರಗೇ ಉಳಿದಿವೆ.

ಇಷ್ಟಾದರೂ ಗಡಿ ಶಿಬಿರಗಳ ಬಗ್ಗೆ ಬರವಣಿಗೆಯಲ್ಲಿ ಉಳಿದಿರುವ ಬಹುಭಾಗ ಪಿಂಚಣಿಯ ಹಂಬಲದಿಂದಲೇ ಹುಟ್ಟಿದ್ದು. ಯಾವ ಶಿಬಿರದಲ್ಲಿ ಯಾರಿದ್ದರು, ಯಾವ ನಾಕೆಯ ಮೇಲೆ ಯಾವಾಗ ಬಿದ್ದರು, ಯಾರ ಮನೆಯಲ್ಲಿ ಉಂಡರು ಎಂಬುದನ್ನು ಆ ಜನ ಮೊದಲ ಬಾರಿಗೆ ಕಾಗದಕ್ಕೆ ಇಳಿಸಿದ್ದು ಜಿಲ್ಲಾಧಿಕಾರಿಗೆ ಕೊಟ್ಟ ಪ್ರಮಾಣಪತ್ರಗಳಲ್ಲಿ. ಅವುಗಳಲ್ಲಿ ಉತ್ಪ್ರೇಕ್ಷೆಯಿದೆ, ಒಂದೇ ಅಚ್ಚಿನ ವಾಕ್ಯಗಳಿವೆ, ಕೆಲವೆಡೆ ಸುಳ್ಳೂ ಇದೆ. ಇತಿಹಾಸಕಾರನು ಎಲ್ಲ ಆಕರಗಳಲ್ಲಿಯೂ ಎದುರಿಸುವ ದೋಷಗಳಿವು, ಹೋಲಿಸಿ ಓದಿದರೆ ತಿಳಿಯಾಗತಕ್ಕವು. ಪಿಂಚಣಿದಾರ ಮತ್ತು ಅವನ ವಿಧವೆ ತೀರಿಕೊಂಡೊಡನೆ ಆ ಕಡತಕ್ಕೆ ಆಡಳಿತದ ದೃಷ್ಟಿಯಲ್ಲಿ ಬೆಲೆ ಇಲ್ಲವಾಗುತ್ತದೆ. ಇತಿಹಾಸದ ದೃಷ್ಟಿಯಲ್ಲಿ ಅದರ ಬೆಲೆ ಆಗಲೇ ಆರಂಭವಾಗುವುದು. ಸೊಲ್ಲಾಪುರ, ಧಾರಾಶಿವ ಮತ್ತು ಕಲಬುರಗಿ ಜಿಲ್ಲಾ ಕಚೇರಿಗಳಲ್ಲಿರುವ ಮಂಜೂರಾದ ಮತ್ತು ತಿರಸ್ಕೃತವಾದ ಎರಡೂ ಬಗೆಯ ಅರ್ಜಿಗಳನ್ನು ರದ್ದಿಗೆ ಹಾಕದೆ ಪತ್ರಾಗಾರಗಳಿಗೆ ಒಪ್ಪಿಸುವುದು, ಹೈದರಾಬಾದಿನ ಉರ್ದು ದಾಖಲೆಗಳೊಡನೆ ಅವನ್ನು ತಾಳೆ ನೋಡುವುದು, ದುಧನಿ, ವಾಗದರಿಯಂಥ ಊರುಗಳಲ್ಲಿ ಇನ್ನೂ ಉಳಿದಿರುವ ಕನ್ನಡದ ಬಾಯ್ಮಾತಿನ ನೆನಪುಗಳನ್ನು ಬರೆದುಕೊಳ್ಳುವುದು ಎರಡೂ ರಾಜ್ಯಗಳ ವಿಶ್ವವಿದ್ಯಾಲಯಗಳು ಕೂಡಿ ಮಾಡಬೇಕಾದ ಕೆಲಸ. ಸರ್ಕಾರ ಯಾರಿಗೆ ಪಿಂಚಣಿ ಕೊಟ್ಟಿತು, ಯಾರಿಗೆ ಕೊಡಲಿಲ್ಲ ಎಂಬ ಲೆಕ್ಕ ಮುಗಿಯುತ್ತ ಬಂದಿದೆ. ಯಾರು ಹೋರಾಡಿದರು ಎಂಬ ಲೆಕ್ಕವನ್ನು ಇನ್ನು ಮೇಲೆ ಬರೆಯಬೇಕಾಗಿದೆ.